ತಲೆನೋವಿಗೆ ಯಾವ ಮಾತ್ರೆ? ಕರಾವಳಿಯವರಿಗೆ ಒಂದು ಮಾರ್ಗದರ್ಶಿ

ಮಂಗಳೂರಿನ ಯಾವ ಮೆಡಿಕಲ್‌ಗೆ ಹೋಗಿ "ತಲೆನೋವಿಗೆ ಎಂತಾದರೂ ಕೊಡಿ" ಅಂದರೂ ಅರ್ಧ ನಿಮಿಷದಲ್ಲಿ ಮಾತ್ರೆ ಕೈಗೆ ಬರುತ್ತದೆ. ಅದು ಯಾವ ಮಾತ್ರೆ ಅಂತ ಕೇಳುವವರು ಕಡಿಮೆ, ಹೇಳುವವರೂ ಕಡಿಮೆ. ಔಷಧಿ ಅಂಗಡಿಯ ಕೌಂಟರಿನ ಒಳಗೆ ನಿಲ್ಲುವ ನನಗೆ ಇದು ದಿನಾ ಕಾಡುವ ಚಿಂತೆ. ಒಬ್ಬರಿಗೆ ಹಿತವಾದ ಮಾತ್ರೆ ಅದೇ ಮನೆಯ ಇನ್ನೊಬ್ಬರ ಕಿಡ್ನಿಗೆ ಪೆಟ್ಟು ಕೊಡಬಹುದು. ಅದರಲ್ಲೂ ಮಳೆಗಾಲ ಶುರುವಾದ ಮೇಲೆ ನಮ್ಮ ಕಡೆ ಮಾತ್ರೆ ಆರಿಸುವ ಲೆಕ್ಕವೇ ಬೇರೆ. ಡೆಂಗಿ, ಮಲೇರಿಯಾ, ಇಲಿಜ್ವರ ಮೂರೂ ಇಲ್ಲಿ ಉಂಟು. ಮೂರರಲ್ಲೂ ಮೊದಲ ದಿನವೇ ತಲೆ ಸಿಡಿಯಬಹುದು.

ಹಾಗಾಗಿ ಮಾತ್ರೆಯ ಹೆಸರಿಗಿಂತ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಜ್ವರ ಉಂಟಾ? ಈ ತಿಂಗಳು ಎಷ್ಟು ದಿನ ಮಾತ್ರೆ ನುಂಗಿದ್ದೇನೆ? ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಮುಂದಿನ ಆಯ್ಕೆ ಮುಕ್ಕಾಲು ಪಾಲು ಸುಲಭ.

ಮೆಡಿಕಲ್‌ಗೆ ಅಲ್ಲ, ಆಸ್ಪತ್ರೆಗೆ ಹೋಗಬೇಕಾದ ತಲೆನೋವು

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವು ತಲೆನೋವಿಗೆ ಮಾತ್ರೆ ನುಂಗಿ ಕಾಯುವುದೇ ಅಪಾಯ.

ಸಿಡಿಲು ಬಡಿದ ಹಾಗೆ ಒಮ್ಮೆಲೇ ಬಂದು, ಒಂದೇ ನಿಮಿಷದಲ್ಲಿ ತಡೆಯಲಾಗದಷ್ಟು ಏರುವ ನೋವು. ನೋವಿನ ಜೊತೆ ಒಂದು ಕೈ ಅಥವಾ ಕಾಲು ಸೋಲುವುದು, ಬಾಯಿ ಓರೆಯಾಗುವುದು, ಮಾತು ತೊದಲುವುದು. ಜ್ವರದೊಂದಿಗೆ ಕುತ್ತಿಗೆ ಬಿಗಿಯಾಗಿ ಗದ್ದ ಎದೆಗೆ ತಾಗದಿರುವುದು. ತಲೆಗೆ ಪೆಟ್ಟು ಬಿದ್ದ ಮೇಲೆ ಜಾಸ್ತಿಯಾಗುತ್ತಾ ಹೋಗುವ ನೋವು. ಫಿಟ್ಸ್, ಗೊಂದಲ, ಎಬ್ಬಿಸಿದರೂ ಏಳದಷ್ಟು ಮಂಪರು. ಕಣ್ಣು ಕೆಂಪಾಗಿ ದೀಪದ ಸುತ್ತ ಬಣ್ಣದ ಬಳೆ ಕಾಣುವುದು. ಇವುಗಳಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕಿದ ವಾಹನದಲ್ಲಿ ಹೊರಡಿ. ಮಂಗಳೂರಿನವರಿಗೆ ವೆನ್ಲಾಕ್ ಉಂಟು, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಮತ್ತು ಮಣಿಪಾಲ ಹತ್ತಿರ. ಮೆದುಳಿನ ರಕ್ತನಾಳ ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ ಮಾತ್ರ. ಈ ಲಕ್ಷಣ ಇರುವಾಗ ಮನೆಯಲ್ಲೇ ಆಸ್ಪಿರಿನ್ ಕೊಡಬೇಡಿ. ರಕ್ತನಾಳ ಕಟ್ಟಿದ್ದೋ ಒಡೆದದ್ದೋ ಅಂತ ಸ್ಕ್ಯಾನ್ ಮಾಡದೆ ಯಾರಿಗೂ ಗೊತ್ತಾಗುವುದಿಲ್ಲ.

ಅಷ್ಟು ತುರ್ತಲ್ಲದಿದ್ದರೂ ತಡಮಾಡಬಾರದ ಕೆಲವು ಉಂಟು. 50 ದಾಟಿದ ಮೇಲೆ ಜೀವನದಲ್ಲಿ ಮೊದಲ ಸಲ ಬಂದ ಹೊಸ ಬಗೆಯ ತಲೆನೋವು. ಅಗಿಯುವಾಗ ದವಡೆ ಸೋತು, ಕಿವಿ ಪಕ್ಕದ ಕಣತಲೆ ಮುಟ್ಟಿದರೆ ನೋಯುವುದು. ಬೆಳಗ್ಗೆ ಏಳುವಾಗಲೇ ನೋವು, ವಾಂತಿ, ಕೆಮ್ಮಿದರೆ ಬಗ್ಗಿದರೆ ಇನ್ನೂ ಜಾಸ್ತಿ. ಇವಕ್ಕೆ ಒಂದೆರಡು ದಿನದೊಳಗೆ ಡಾಕ್ಟರನ್ನು ನೋಡಲೇಬೇಕು. ಇವುಗಳ ಜೊತೆ ಕಣ್ಣು ಮಂಜಾಗಲು ಶುರುವಾದರೆ ಅದೇ ದಿನ ಹೋಗಿ.

ಜ್ವರ ಉಂಟಾ?

ಜೂನ್‌ನಿಂದ ಅಕ್ಟೋಬರ್‌ವರೆಗೆ ಈ ಪ್ರಶ್ನೆಯನ್ನು ನಾನು ಎಲ್ಲರಿಗೂ ಕೇಳುತ್ತೇನೆ. ಮಾತುಕತೆ ಹೆಚ್ಚಾಗಿ ಹೀಗಿರುತ್ತದೆ:

"ಅಣ್ಣಾ, ಎರಡು ಡೈಕ್ಲೋ ಕೊಡಿ, ತಲೆ ಸಿಡಿದು ಹೋಗ್ತಾ ಉಂಟು."

"ಜ್ವರ ಉಂಟಾ ಅಕ್ಕ?"

"ಜ್ವರ ಎಂತ ಇಲ್ಲ. ನಿನ್ನೆ ರಾತ್ರಿ ಸ್ವಲ್ಪ ಚಳಿ ಆಗಿತ್ತು ಅಷ್ಟೆ."

ಆ "ಸ್ವಲ್ಪ ಚಳಿ" ಸಾಕು, ಡೈಕ್ಲೋ, ಅಂದರೆ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ, ಪಕ್ಕಕ್ಕೆ ಇಡಲಿಕ್ಕೆ. ಮಂಗಳೂರು ಮಲೇರಿಯಾಕ್ಕೆ ಹಳೆಯ ಊರು. 2019ರ ಮಳೆಗಾಲದಲ್ಲಿ ಡೆಂಗಿ ಇಡೀ ನಗರವನ್ನು ಹೇಗೆ ಕಾಡಿತು ಅಂತ ಇಲ್ಲಿಯವರು ಮರೆತಿಲ್ಲ. ಉಡುಪಿ ಕಡೆಯ ಗದ್ದೆಗಳಲ್ಲಿ ಬರಿಗಾಲಲ್ಲಿ ನೇಜಿ ನೆಡುವವರಿಗೆ ಇಲಿಜ್ವರದ ಭಯ ಇದ್ದೇ ಇದೆ.

ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತನಾಳಗಳಿಂದ ನೀರು ಸೋರುತ್ತದೆ. ಆ ಹೊತ್ತಿನಲ್ಲಿ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್ ಯಾವುದನ್ನು ನುಂಗಿದರೂ ಹೊಟ್ಟೆಯೊಳಗೆ ರಕ್ತಸ್ರಾವ ಆಗುವ ಅಪಾಯ ಏರುತ್ತದೆ. ಇಲಿಜ್ವರ ನೇರವಾಗಿ ಕಿಡ್ನಿಗೆ ಕೈ ಹಾಕುವ ಕಾಯಿಲೆ. ಅದರ ಮೇಲೆ ಈ ನೋವಿನ ಮಾತ್ರೆ ಬಿದ್ದರೆ ಕಿಡ್ನಿಗೆ ಎರಡು ಕಡೆಯಿಂದ ಪೆಟ್ಟು. ಆದ್ದರಿಂದ ಮಳೆಗಾಲದಲ್ಲಿ ಜ್ವರ ಸೇರಿದ ತಲೆನೋವಿಗೆ ಬರೀ ಪ್ಯಾರಸಿಟಮಾಲ್. ಯಾವ ಜ್ವರ ಅಂತ ಗೊತ್ತಾಗುವವರೆಗೆ ಬೇರೆ ಯಾವುದೂ ಬೇಡ.

ಕ್ಲಿನಿಕ್‌ನಲ್ಲಿ "ಡಾಕ್ಟ್ರೇ, ಬೇಗ ಕಡಿಮೆ ಆಗ್ಲಿಕ್ಕೆ ಒಂದು ಇಂಜೆಕ್ಷನ್ ಕೊಡಿ" ಅಂತ ಹಠ ಹಿಡಿಯುವವರಿದ್ದಾರೆ. ದಯವಿಟ್ಟು ಬೇಡ. ಆ ಇಂಜೆಕ್ಷನ್ ಎಷ್ಟೋ ಸಲ ಡೈಕ್ಲೋಫೆನಾಕ್ ಆಗಿರುತ್ತದೆ. ಹೊಟ್ಟೆಗೆ ಹೋಗಲಿಲ್ಲ ಅಂತ ಅದರ ಅಪಾಯ ಹೋಗುವುದಿಲ್ಲ, ರಕ್ತಕ್ಕೆ ಸೇರಿದ ಮೇಲೆ ಕೆಲಸ ಒಂದೇ.

ಒಂದು ದಿನ ಜ್ವರ ಇದ್ದರೂ ರಕ್ತ ಪರೀಕ್ಷೆ ಮಾಡಿಸಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಲೇರಿಯಾ ಪರೀಕ್ಷೆಗೆ ದುಡ್ಡು ಕೊಡಬೇಕಾಗಿಲ್ಲ. ಕಣ್ಣಿನ ಹಿಂದೆ ನೋವಾ, ಮೀನಖಂಡ ಮುಟ್ಟಿದರೆ ನೋವಾ, ಕಣ್ಣು ಕೆಂಪಾ, ಕೆಸರಿಗೆ ಇಳಿದಿದ್ದೀರಾ, ಎಲ್ಲ ಡಾಕ್ಟರಿಗೆ ಹೇಳಿ. ಡೆಂಗಿಯಲ್ಲಿ ಜ್ವರ ಬಿಟ್ಟ ದಿನವೇ ಜಾಗ್ರತೆ ಜಾಸ್ತಿ ಬೇಕು. ಮೂರನೇ ದಿನದಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತಿದ್ದ ಹಾಗೆ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ, ತುಂಬಾ ಸುಸ್ತು ಕಂಡರೆ ಕೂಡಲೇ ಆಸ್ಪತ್ರೆ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ದಿನಾ ಇಕೋಸ್ಪ್ರಿನ್ ತೆಗೆದುಕೊಳ್ಳುವವರು ಇದನ್ನು ಓದಿ ಹೆದರಿ ತಾವಾಗಿಯೇ ನಿಲ್ಲಿಸಬೇಡಿ. ಅದೂ ಆಸ್ಪಿರಿನ್ನೇ, ನಿಜ. ಆದರೆ ನಿಲ್ಲಿಸಬೇಕೋ ಬೇಡವೋ ಅನ್ನುವುದನ್ನು ಡಾಕ್ಟರೇ ಹೇಳಬೇಕು.

ಜ್ವರ ಇಲ್ಲದಿದ್ದರೂ ಶುರು ಪ್ಯಾರಸಿಟಮಾಲ್‌ನಿಂದಲೇ

ಡೋಲೋ, ಕಾಲ್ಪಾಲ್, ಕ್ರೋಸಿನ್, ಹೆಸರು ಬೇರೆ, ಒಳಗಿರುವುದು ಪ್ಯಾರಸಿಟಮಾಲ್. ಜನೌಷಧಿ ಕೇಂದ್ರದಲ್ಲಿ ಇದೇ ಮಾತ್ರೆ ಬ್ರ್ಯಾಂಡಿನ ಹೆಸರಿಲ್ಲದೆ ಕಡಿಮೆ ಬೆಲೆಗೆ ಸಿಗುತ್ತದೆ, ಕೆಲಸ ಅದೇ. ಹೊಟ್ಟೆ ಸುಡುವುದಿಲ್ಲ. ಹೇಳಿದ ಅಳತೆಯಲ್ಲಿ ತೆಗೆದುಕೊಂಡರೆ ಹೆಚ್ಚಿನವರ ಕಿಡ್ನಿಗೂ ತೊಂದರೆ ಇಲ್ಲ. ಬಿಪಿ, ಶುಗರ್, ಹೃದಯದ ಕಾಯಿಲೆ ಇರುವ ಹಿರಿಯರಿಗೆ ನಾನು ಧೈರ್ಯವಾಗಿ ಕೊಡುವ ಮೊದಲ ಮಾತ್ರೆ ಇದು.

ದೊಡ್ಡವರಿಗೆ ಒಂದು ಸಲಕ್ಕೆ 500ರಿಂದ 1,000 ಮಿ.ಗ್ರಾಂ. ಎರಡು ಡೋಸಿನ ನಡುವೆ ಕಡಿಮೆ ಅಂದರೂ 4 ಗಂಟೆ, 6 ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ದಿನಕ್ಕೆ 4,000 ಮಿ.ಗ್ರಾಂ. ದಾಟಲೇಬಾರದು. ನನ್ನ ಅಭಿಪ್ರಾಯ ಕೇಳಿದರೆ ಮನೆಯಲ್ಲೇ ತೆಗೆದುಕೊಳ್ಳುವವರು 3,000ಕ್ಕೆ ನಿಲ್ಲಿಸಿ. 50 ಕೆ.ಜಿ.ಗಿಂತ ಕಡಿಮೆ ತೂಕದವರು ಒಂದು ಸಲಕ್ಕೆ 500ಕ್ಕಿಂತ ಮೇಲೆ ಹೋಗದಿರುವುದು ವಾಸಿ. ದಿನಾ ಕುಡಿಯುವ ಅಭ್ಯಾಸ ಇರುವವರಿಗೆ, ಲಿವರ್ ಕಾಯಿಲೆ ಇರುವವರಿಗೆ ದಿನಕ್ಕೆ 2,000 ಮಿತಿ, ಅದೂ ಡಾಕ್ಟರನ್ನು ಕೇಳಿಯೇ. ರಾತ್ರಿ ಕುಡಿದು ಬೆಳಗ್ಗೆ ತಲೆ ಭಾರ ಅಂತ ಖಾಲಿ ಹೊಟ್ಟೆಗೆ ಎರಡು ಮೂರು ಡೋಲೋ ನುಂಗುವುದು ಒಳ್ಳೆಯ ಅಭ್ಯಾಸ ಅಲ್ಲ. ನೀರು ಕುಡಿಯಿರಿ, ತಿಂಡಿ ತಿನ್ನಿ, ಮತ್ತೆ ಬೇಕಾದರೆ ಒಂದು.

ನುಂಗಿದ ಮೇಲೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಹತ್ತು ನಿಮಿಷಕ್ಕೆ "ಇದು ನನಗೆ ನಾಟುವುದಿಲ್ಲ" ಅಂತ ಇನ್ನೊಂದು ಬಗೆಯ ಮಾತ್ರೆ ನುಂಗುವವರೇ ತೊಂದರೆಗೆ ಸಿಕ್ಕಿಬೀಳುವುದು.

ಪ್ಯಾರಸಿಟಮಾಲ್‌ನ ನಿಜವಾದ ಅಪಾಯ ಅದು ಬೇರೆ ಮಾತ್ರೆಗಳೊಳಗೂ ಇರುವುದು. ಒಂದು ಉದಾಹರಣೆ ನೋಡಿ. ಒಬ್ಬರಿಗೆ ಶೀತ, ತಲೆನೋವು, ಜೊತೆಗೆ ಸೊಂಟ ನೋವು. ದಿನಕ್ಕೆ ಮೂರು ಡೋಲೋ 650, ಅಲ್ಲಿಗೆ 1,950. ಶೀತಕ್ಕೆ ಮೂರು ಸಲ ಸಿನಾರೆಸ್ಟ್, ಒಂದರಲ್ಲಿ 500, ಅಲ್ಲಿಗೆ 1,500. ಸೊಂಟಕ್ಕೆ ಎರಡು ಜೆರೋಡಾಲ್ ಪಿ, ಒಂದರಲ್ಲಿ 325, ಅಲ್ಲಿಗೆ 650. ಕೂಡಿಸಿದರೆ 4,100. ಮೂರೂ ಬೇರೆ ಬೇರೆ ಮಾತ್ರೆ ಅಂತ ಅವರ ನಂಬಿಕೆ, ಲಿವರಿಗೆ ಮಾತ್ರ ಎಲ್ಲ ಒಂದೇ. ವಿಕ್ಸ್ ಆಕ್ಷನ್ 500, ಡಿ ಕೋಲ್ಡ್ ತರಹದ ಶೀತದ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಉಂಟು.

ತಪ್ಪಿ ಜಾಸ್ತಿ ನುಂಗಿದರೆ ಮೊದಲ ದಿನ ಏನೂ ಅನಿಸದೆ ಇರಬಹುದು. ಅದನ್ನು ನಂಬಬೇಡಿ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಅನ್ನುವ ಮದ್ದು ಉಂಟು, 8 ಗಂಟೆಯೊಳಗೆ ಕೊಟ್ಟರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಕಣ್ಣು ಹಳದಿಯಾಗುವವರೆಗೆ ಕಾದರೆ ಹೊತ್ತು ಮೀರಿರುತ್ತದೆ. 8 ಗಂಟೆ ದಾಟಿದ್ದರೂ ಹೋಗಲೇಬೇಕು.

ಬ್ರೂಫೆನ್ ಬಳಗ: ಯಾರಿಗೆ ಸರಿ, ಯಾರಿಗೆ ಬೇಡ

ಪ್ಯಾರಸಿಟಮಾಲ್‌ಗೆ ಬಗ್ಗದ ನೋವಿಗೆ, ಅದರಲ್ಲೂ ಮೈಗ್ರೇನಿಗೆ ಐಬುಪ್ರೊಫೆನ್ 400 ಮಿ.ಗ್ರಾಂ. ಒಳ್ಳೆಯ ಮಾತ್ರೆ. ನ್ಯಾಪ್ರೋಕ್ಸೆನ್ ಕೂಡ ಹಾಗೇ, ಅದರ ಅಳತೆಯನ್ನು ಡಾಕ್ಟರ್ ಹೇಳಲಿ. ಬ್ರೂಫೆನ್ ಅಂದರೆ ಐಬುಪ್ರೊಫೆನ್ನೇ, ಮೇಲೆ ಹೇಳಿದ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್ ಕೂಡ ಇದೇ ಬಳಗ. ಆರೋಗ್ಯವಂತ ದೊಡ್ಡವರು, ಜ್ವರ ಇಲ್ಲ, ಹೊಟ್ಟೆಹುಣ್ಣು ಇಲ್ಲ, ಬಿಪಿ ಇಲ್ಲ, ಗರ್ಭಿಣಿ ಅಲ್ಲ ಅಂತಾದರೆ ಐಬುಪ್ರೊಫೆನ್ ಬಳಸಬಹುದು. ತಾವಾಗಿಯೇ ತೆಗೆದುಕೊಳ್ಳುವವರಿಗೆ ದಿನಕ್ಕೆ 1,200 ಮಿ.ಗ್ರಾಂ. ಮಿತಿ, ನಡುವೆ 6ರಿಂದ 8 ಗಂಟೆ ಅಂತರ.

ಹೊಟ್ಟೆಗೆ ಏನಾದರೂ ಬಿದ್ದಿರಬೇಕು. ದೊಡ್ಡ ಊಟ ಬೇಡ, ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ ಸಾಕು. ಮೇಲಿಂದ ಒಂದು ದೊಡ್ಡ ಲೋಟ ನೀರು. ಏಕಾದಶಿ ಉಪವಾಸ ಮಾಡುವವರು, ರಂಜಾನ್ ಉಪವಾಸದವರು ಇದನ್ನು ನೆನಪಿಡಿ: ನೀರಿಲ್ಲದೆ ಒಣಗಿದ ಮೈಗೆ, ಖಾಲಿ ಹೊಟ್ಟೆಗೆ ಈ ಬಳಗದ ಯಾವ ಮಾತ್ರೆಯೂ ಆಗದು. ಏಪ್ರಿಲ್ ಮೇ ಸೆಕೆಯಲ್ಲಿ ಬೆವರು ಸುರಿಸಿ ದುಡಿಯುವವರಿಗೂ ಇದೇ ಮಾತು. ಮೈಯಲ್ಲಿ ನೀರು ಕಡಿಮೆ ಇದ್ದಾಗ ಕಿಡ್ನಿಗೆ ರಕ್ತ ಹರಿಸಿಕೊಡುವ ನಾಳಗಳನ್ನು ಈ ಮಾತ್ರೆಗಳು ಬಿಗಿ ಮಾಡುತ್ತವೆ.

ಯಾರು ಇದರಿಂದ ದೂರ ಇರಬೇಕು? ಹೊಟ್ಟೆಹುಣ್ಣು ಆದವರು. ಕಿಡ್ನಿ ತೊಂದರೆ ಇರುವವರು. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಆದವರು, ಅದರಲ್ಲೂ ಡೈಕ್ಲೋಫೆನಾಕ್ ಅವರಿಗೆ ಬೇಡವೇ ಬೇಡ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು. ಆಸ್ಪಿರಿನ್ ತರಹದ ಮಾತ್ರೆ ನುಂಗಿ ಒಮ್ಮೆಯಾದರೂ ದಮ್ಮು ಕಟ್ಟಿದ ಆಸ್ತಮಾದವರು. ಬಿಪಿಗೆ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್, ಜೊತೆಗೆ ಮೂತ್ರ ಹೋಗಿಸುವ ಮಾತ್ರೆಯೂ ಇರುವವರು. ಈ ಕೊನೆಯ ಗುಂಪು ನಮ್ಮ ಕಡೆ ದೊಡ್ಡದು. ಆ ಎರಡರ ಮೇಲೆ ಬ್ರೂಫೆನ್ ಸೇರಿದರೆ ಕೆಲವೇ ದಿನಗಳಲ್ಲಿ ರಕ್ತದ ಕ್ರಿಯಾಟಿನಿನ್ ಏರಬಹುದು, ಅಂದರೆ ಕಿಡ್ನಿ ಸೋಲುತ್ತಿದೆ ಅಂತ ಅರ್ಥ. ಇಕೋಸ್ಪ್ರಿನ್ ನುಂಗುವವರಿಗೆ ಇನ್ನೊಂದು ತೊಡಕು. ಐಬುಪ್ರೊಫೆನ್ ಮೊದಲೇ ಹೊಟ್ಟೆ ಸೇರಿದ್ದರೆ ಇಕೋಸ್ಪ್ರಿನ್ ಹೃದಯವನ್ನು ಕಾಯುವ ಕೆಲಸ ಸರಿಯಾಗಿ ಮಾಡುವುದಿಲ್ಲ.

"ಜೊತೆಗೆ ಗ್ಯಾಸಿನ ಮಾತ್ರೆ ತಗೊಳ್ತೇನಲ್ಲ, ಏನೂ ಆಗುವುದಿಲ್ಲ" ಅನ್ನುವ ಮಾತು ಎಲ್ಲೆಲ್ಲೂ ಕೇಳುತ್ತದೆ. ಪ್ಯಾಂಟೊಪ್ರಜೋಲ್ ಹೊಟ್ಟೆಯನ್ನು ಸ್ವಲ್ಪ ಕಾಯುತ್ತದೆ, ನಿಜ. ಕಿಡ್ನಿಯನ್ನು, ಹೃದಯವನ್ನು ಕಾಯುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ನಿಮೆಸುಲೈಡ್ ಅನ್ನುವ ನೋವಿನ ಮಾತ್ರೆಯ ಬಗ್ಗೆ ನನ್ನ ನಿಲುವು ಸ್ಪಷ್ಟ. 12 ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ, ಲಿವರಿಗೆ ಅಪಾಯ ಅನ್ನುವ ಕಾರಣಕ್ಕೆ. ಇಷ್ಟೆಲ್ಲ ಬೇರೆ ಮಾತ್ರೆ ಇರುವಾಗ ದೊಡ್ಡವರಿಗೂ ಬರೀ ತಲೆನೋವಿಗೆ ಅದು ಯಾಕೆ ಬೇಕು?

ಸ್ಟ್ರಿಪ್ ಓದುವುದು ಹೇಗೆ

ಮೆಡಿಕಲ್‌ನಲ್ಲಿ ಎರಡು ಮಾತ್ರೆ ಕೇಳಿದರೆ ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ. ಹೆಸರು, ಬ್ಯಾಚ್, ಕೊನೆಯ ದಿನಾಂಕ ಹೆಚ್ಚಾಗಿ ಒಂದೇ ಬದಿಯಲ್ಲಿ ಅಚ್ಚಾಗಿರುತ್ತದೆ. ಕತ್ತರಿ ಅಲ್ಲೇ ಬಿದ್ದರೆ ನಿಮ್ಮ ಕೈಗೆ ಬರುವುದು ಬರೀ ಬೆಳ್ಳಿ ಬಣ್ಣದ ಚೂರು. ಒಂದು ವಾರ ಬಿಟ್ಟು ಪರ್ಸಿನಲ್ಲಿ ಸಿಕ್ಕಿದ ಆ ಚೂರು ಡೋಲೋನಾ, ಅಸೆಕ್ಲೋಫೆನಾಕಾ, ಅಜ್ಜಿಯ ಬಿಪಿ ಮಾತ್ರೆಯಾ ಅಂತ ಹೇಳುವವರು ಯಾರು? ಹಾಗಾಗಿ ಕತ್ತರಿಸುವ ಮೊದಲು ಇಡೀ ಸ್ಟ್ರಿಪ್ಪಿನ ಹಿಂಬದಿಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಇಲ್ಲವೇ "ಹೆಸರಿರುವ ಬದಿ ಕೊಡಿ" ಅಂತ ಕೇಳಿ. ಯಾರೂ ಬೇಸರ ಮಾಡುವುದಿಲ್ಲ.

ದೊಡ್ಡಕ್ಷರದ ಬ್ರ್ಯಾಂಡ್ ಹೆಸರು ಬಿಡಿ, ಅದರ ಕೆಳಗಿನ ಸಣ್ಣಕ್ಷರ ಓದಿ. ಕಾಂಬಿಫ್ಲಾಮ್ ಅಂದರೆ ಐಬುಪ್ರೊಫೆನ್ 400, ಪ್ಯಾರಸಿಟಮಾಲ್ 325. ಸಾರಿಡಾನ್ ಅಂದರೆ ಪ್ಯಾರಸಿಟಮಾಲ್, ಪ್ರೊಪಿಫೆನಜೋನ್, ಕೆಫೀನ್. ಎರಡು ಮೂರು ಮದ್ದು ಒಂದರಲ್ಲೇ ಸೇರಿದ ಮಾತ್ರೆಗಿಂತ ಒಂದೇ ಮದ್ದಿನ ಮಾತ್ರೆ ಒಳ್ಳೆಯದು ಅಂತ ನನ್ನ ಸಲಹೆ. ಎಷ್ಟು ಹೋಯಿತು ಅಂತ ಲೆಕ್ಕ ಸಿಗುತ್ತದೆ. ಅಲರ್ಜಿ ಆದರೆ ಯಾವುದರಿಂದ ಅಂತ ಗೊತ್ತಾಗುತ್ತದೆ. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದ ಮದ್ದು.

ನಮ್ಮ ಮಳೆಗಾಲದ ತೇವವೂ ಮಾತ್ರೆಯನ್ನು ಹಾಳು ಮಾಡುತ್ತದೆ. ಆಸ್ಪಿರಿನ್ ಮಾತ್ರೆ ತೇವ ಹಿಡಿದರೆ ವಿನೆಗರಿನ ವಾಸನೆ ಬರುತ್ತದೆ. ಮೂಸಿ ನೋಡಿ, ಹುಳಿ ವಾಸನೆ ಇದ್ದರೆ ಬಿಸಾಡಿ. ಮದ್ದಿನ ಡಬ್ಬಿಯನ್ನು ಒಲೆಯ ಮೇಲಿನ ಶೆಲ್ಫ್‌ನಲ್ಲಿ, ಬಚ್ಚಲುಮನೆಯಲ್ಲಿ ಇಡಬೇಡಿ.

ಮಕ್ಕಳು, ಗರ್ಭಿಣಿಯರು

ಮಕ್ಕಳಿಗೆ ವಯಸ್ಸು ನೋಡಿ ಅಲ್ಲ, ತೂಕ ನೋಡಿ ಕೊಡಬೇಕು. ಪ್ಯಾರಸಿಟಮಾಲ್ ಒಂದು ಸಲಕ್ಕೆ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ., ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. 16 ಕೆ.ಜಿ. ಮಗುವಿಗೆ ಹೆಚ್ಚೆಂದರೆ 240 ಮಿ.ಗ್ರಾಂ. ಇಲ್ಲೇ ಒಂದು ಗುಂಡಿ ಉಂಟು. ಸಿರಪ್ಪಿನ ಬಾಟಲಿಗಳಲ್ಲಿ 5 ಎಂ.ಎಲ್.ಗೆ 120 ಇರುವುದೂ ಬರುತ್ತದೆ, 250 ಇರುವುದೂ ಬರುತ್ತದೆ. ಮೊದಲನೆಯದರಲ್ಲಿ ಆ ಮಗುವಿಗೆ 10 ಎಂ.ಎಲ್. ಬೇಕು. ಎರಡನೆಯದರಲ್ಲಿ 5 ಎಂ.ಎಲ್.ಗೂ ಒಂಚೂರು ಕಡಿಮೆ ಸಾಕು. ಹಳೇ ಬಾಟಲಿಯ ಲೆಕ್ಕದಲ್ಲಿ ಹೊಸ ಬಾಟಲಿ ಕೊಟ್ಟರೆ ಡೋಸ್ ಎರಡು ಪಟ್ಟಾಗುತ್ತದೆ. ಲೇಬಲ್ ಓದಿ, ಬಾಟಲಿ ಜೊತೆ ಬರುವ ಅಳತೆ ಮುಚ್ಚಳದಲ್ಲೇ ಅಳೆಯಿರಿ, ಅಡುಗೆಮನೆಯ ಚಮಚ ಬೇಡ.

ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ವೈರಲ್ ಜ್ವರದ ಹೊತ್ತಿನಲ್ಲಿ ಕೊಟ್ಟರೆ ಲಿವರ್, ಮೆದುಳು ಎರಡಕ್ಕೂ ಪೆಟ್ಟು ಬೀಳುವ ರೇಸ್ ಸಿಂಡ್ರೋಮ್ ಬರಬಹುದು. ಸಣ್ಣ ಮಗುವಿನ ಮೂಗಿನ ಹತ್ತಿರ ಬಾಮ್ ಹಚ್ಚುವುದೂ ಬೇಡ, ಅದರಲ್ಲಿರುವ ಕರ್ಪೂರ ಶಿಶುಗಳಿಗೆ ಒಳ್ಳೆಯದಲ್ಲ.

ಗರ್ಭಿಣಿಯರಿಗೆ ಪ್ಯಾರಸಿಟಮಾಲ್, ಸಾಕಾಗುವಷ್ಟು ಕಡಿಮೆ ಅಳತೆಯಲ್ಲಿ, ಬೇಕಾದಷ್ಟು ದಿನ ಮಾತ್ರ. 2025ರಲ್ಲಿ ಇದರ ಮೇಲೆ ಅಮೆರಿಕದಿಂದ ಬಂದ ಸುದ್ದಿ ಕೇಳಿ ತುಂಬಾ ಜನ ಹೆದರಿದರು. ಗರ್ಭಿಣಿ ಪ್ಯಾರಸಿಟಮಾಲ್ ನುಂಗಿದರೆ ಮಗುವಿಗೆ ಆಟಿಸಂ ಬರುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಆಗಲೇ ಹೇಳಿದೆ. ಬ್ರೂಫೆನ್ ಬಳಗ ಮಾತ್ರ 20 ವಾರದ ನಂತರ ಬೇಡ, ಮಗುವಿನ ಕಿಡ್ನಿಗೆ, ಕೊನೆಯ ತಿಂಗಳುಗಳಲ್ಲಿ ಹೃದಯಕ್ಕೂ ತೊಂದರೆ. 20 ವಾರ ದಾಟಿದವರಿಗೆ ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮುಖ ಕೈ ಊದಿದರೆ, ಎದೆಗೂಡಿನ ಕೆಳಗೆ ನೋವಾದರೆ ಮಾತ್ರೆ ಯೋಚನೆ ಬಿಟ್ಟು ಅದೇ ದಿನ ಬಿಪಿ ನೋಡಿಸಿ. ಹೆರಿಗೆ ಆದ ಮೇಲಿನ ವಾರಗಳಲ್ಲೂ ಈ ಎಚ್ಚರ ಬೇಕು.

ಕ್ಯಾಲೆಂಡರಿನ ಮೇಲೆ ಚುಕ್ಕೆ

ಎರಡನೇ ಪ್ರಶ್ನೆಗೆ ಬಂದೆ. ಇದು ನನಗೆ ತುಂಬಾ ಮುಖ್ಯ. ಯಾಕೆಂದರೆ ನೋವು ಹೋಗಲಿ ಅಂತ ನುಂಗುವ ಮಾತ್ರೆಯೇ ನೋವನ್ನು ದಿನನಿತ್ಯದ್ದು ಮಾಡಬಲ್ಲದು ಅಂತ ಹೆಚ್ಚಿನವರಿಗೆ ಯಾರೂ ಹೇಳಿರುವುದಿಲ್ಲ.

ಆಗಾಗ ತಲೆನೋವು ಬರುವವರು ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ಅನ್ನು ತಿಂಗಳಿಗೆ 15 ದಿನ ಅಥವಾ ಜಾಸ್ತಿ, ಮೂರು ತಿಂಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡರೆ ಆ ಅಪಾಯ ಉಂಟು. ಸಾರಿಡಾನ್ ತರಹದ ಮಿಶ್ರ ಮಾತ್ರೆ, ಮೈಗ್ರೇನಿಗೆ ಕೊಡುವ ಟ್ರಿಪ್ಟಾನ್, ಎರ್ಗಾಟ್ ಬಗೆಯ ಮದ್ದು, ಬಲವಾದ ನೋವಿನ ಮಾತ್ರೆ ಟ್ರಮಡಾಲ್ ಆದರೆ 10 ದಿನ ಸಾಕು. ಮೆದುಳು ಆ ಮದ್ದಿಗೆ ಒಗ್ಗಿಕೊಳ್ಳುತ್ತದೆ, ಅದರ ಪ್ರಭಾವ ಇಳಿದ ಕೂಡಲೇ ಮತ್ತೆ ನೋವು. ಬೆಳಗ್ಗೆ ಎದ್ದ ತಕ್ಷಣ ಮಾತ್ರೆ ಹುಡುಕುವುದು ಇದರ ದೊಡ್ಡ ಗುರುತು.

ನಮ್ಮ ಕಡೆ ಬೀಡಿ ಕಟ್ಟುವ ಹೆಂಗಸರಲ್ಲಿ ಇದನ್ನು ತುಂಬಾ ನೋಡಿದ್ದೇನೆ. ಗೆರಸೆ ಮಡಿಲಲ್ಲಿ ಇಟ್ಟು, ಕುತ್ತಿಗೆ ಬಗ್ಗಿಸಿ ಗಂಟೆಗಟ್ಟಲೆ ಕೂರುತ್ತಾರೆ. ಸಂಜೆ ಹೊತ್ತಿಗೆ ಕುತ್ತಿಗೆಯಿಂದ ಹಣೆವರೆಗೆ ಪಟ್ಟಿ ಕಟ್ಟಿದ ಹಾಗೆ ನೋವು. ಬೀಡಿ ಕೊಟ್ಟು ಬರುವ ದಾರಿಯಲ್ಲಿ ಒಂದು ಮಾತ್ರೆ. ನಾಳೆಯೂ ಅದೇ. ಮಾತ್ರೆಯಿಂದ ಕೈ ನಿಲ್ಲಲಿಲ್ಲವಲ್ಲ, ಕೆಲಸ ಆಯಿತಲ್ಲ ಅಂತ ಅವರ ಲೆಕ್ಕ. ಅವರಿಗೆ ನಾನು ಹೇಳುವುದು ಅರ್ಧ ಗಂಟೆಗೊಮ್ಮೆ ಎದ್ದು ಭುಜ ತಿರುಗಿಸಿ, ಗೋಡೆಗೆ ಬೆನ್ನು ಕೊಟ್ಟು ಕೂರಿ, ಗೆರಸೆಯ ಕೆಳಗೆ ದಿಂಬಿಟ್ಟು ಎತ್ತರ ಮಾಡಿಕೊಳ್ಳಿ. ಕೆಲಸವನ್ನೇ ಬಿಡಿ ಅಂತ ಹೇಳಲು ಯಾರಿಗೂ ಆಗುವುದಿಲ್ಲ, ಆದರೆ ಇಷ್ಟು ಆಗುತ್ತದೆ.

ಲೆಕ್ಕ ಇಡುವುದು ಸುಲಭ. ಗೋಡೆಯ ಕ್ಯಾಲೆಂಡರಿನಲ್ಲಿ ತಲೆನೋವು ಬಂದ ದಿನಕ್ಕೆ ಒಂದು ಗೆರೆ, ಮಾತ್ರೆ ನುಂಗಿದ ದಿನಕ್ಕೆ ಒಂದು ಚುಕ್ಕೆ. ಎಷ್ಟು ಮಾತ್ರೆ ಅಂತ ಅಲ್ಲ, ಎಷ್ಟು ದಿನ ಅಂತ ಎಣಿಸಿ. ತಿಂಗಳಿಗೆ ಎಂಟು ಚುಕ್ಕೆ ದಾಟುತ್ತಿದೆ ಅಂದರೆ ನನ್ನ ಅಂಗಡಿಗೆ ಬರುವುದು ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಈ ಸುಳಿಯಿಂದ ಹೊರಬರಬೇಕಾದರೆ ಮಾತ್ರೆ ನಿಲ್ಲಿಸಬೇಕು. ನಿಲ್ಲಿಸಿದ ಮೊದಲ ಎರಡರಿಂದ ಹತ್ತು ದಿನ ನೋವು ಜಾಸ್ತಿಯಾಗಬಹುದು, ವಾಕರಿಕೆ, ನಿದ್ದೆ ಬಾರದಿರುವುದು ಕೂಡ. ಆಮೇಲೆ ಇಳಿಯುತ್ತದೆ. ಟ್ರಮಡಾಲ್ ಅಥವಾ ನಿದ್ದೆ ಮಾತ್ರೆ ಸೇರಿದ್ದರೆ ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು.

ಮೈಗ್ರೇನ್ ಇದ್ದರೆ

"ನನಗೆ ಸೈನಸ್" ಅನ್ನುವವರಲ್ಲಿ ಹೆಚ್ಚಿನವರದ್ದು ನಿಜಕ್ಕೂ ಮೈಗ್ರೇನ್. ತಲೆಯ ಒಂದು ಬದಿ ತುಡಿಯುವುದು, ವಾಕರಿಕೆ, ಬೆಳಕು ಸದ್ದು ಆಗದಿರುವುದು, ಮೆಟ್ಟಿಲು ಹತ್ತಿದರೆ ನೋವು ಏರುವುದು ಅದರ ಗುರುತು. ಮೈಗ್ರೇನಿನಲ್ಲಿ ಹೊಟ್ಟೆಯ ಚಲನೆ ನಿಧಾನ ಆಗುತ್ತದೆ. ತಡವಾಗಿ ನುಂಗಿದ ಮಾತ್ರೆ ಹೊಟ್ಟೆಯಲ್ಲೇ ಕೂತಿರುತ್ತದೆ. ಅದಕ್ಕೆ ನೋವು ಶುರುವಾದ ಹೊತ್ತಿಗೇ ಸರಿಯಾದ ಡೋಸ್ ತೆಗೆದುಕೊಳ್ಳಬೇಕು, ಅರ್ಧ ಮಾತ್ರೆ ನುಂಗಿ ನೋಡೋಣ ಅನ್ನಬಾರದು.

ಡಾಕ್ಟರ್ ಸುಮಾಟ್ರಿಪ್ಟಾನ್, ರಿಜಾಟ್ರಿಪ್ಟಾನ್ ಬರೆಯಬಹುದು. ಒಳ್ಳೆಯ ಮದ್ದುಗಳು. ಹೃದಯದ ಕಾಯಿಲೆ, ಸ್ಟ್ರೋಕ್ ಆದವರಿಗೆ, ಹಿಡಿತಕ್ಕೆ ಬಾರದ ಬಿಪಿ ಇರುವವರಿಗೆ ಆಗದು. ವಾಸೋಗ್ರೇನ್ ನಮ್ಮ ಕಡೆ ಚೀಟಿ ಇಲ್ಲದೆ ಕೇಳುವವರು ತುಂಬಾ. ಅದರಲ್ಲಿ ಎರ್ಗಾಟಮಿನ್ ಉಂಟು, ರಕ್ತನಾಳವನ್ನು ಬಿಗಿ ಮಾಡುವ ಮದ್ದು. ಗರ್ಭಿಣಿಯರಿಗೆ ಆಗದು, ಹೃದಯದವರಿಗೆ ಆಗದು, ಟ್ರಿಪ್ಟಾನ್ ನುಂಗಿದ 24 ಗಂಟೆಯೊಳಗೆ ಆಗದು. ಕ್ಲಾರಿಥ್ರೊಮೈಸಿನ್ ಆಂಟಿಬಯೋಟಿಕ್ ಜೊತೆ ಸೇರಿದರೆ ಕೈಕಾಲಿಗೆ ರಕ್ತವೇ ಹರಿಯದೆ ಹೋಗಬಹುದು. ಯಾರದ್ದೋ ಸ್ಟ್ರಿಪ್ಪಿನಿಂದ ಎರಡು ಕಿತ್ತು ಕೊಡುವ ಮಾತ್ರೆ ಇದಲ್ಲ.

ನೋವಿಗೆ ಮೊದಲು ಕಣ್ಣಿನ ಮುಂದೆ ಮಿಂಚಿನ ಗೆರೆ ಕಾಣುವ ಹೆಂಗಸರು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಈಸ್ಟ್ರೋಜನ್ ಇರುವ ಮಾತ್ರೆ ಅವರಲ್ಲಿ ಸ್ಟ್ರೋಕ್ ಅಪಾಯ ಏರಿಸುತ್ತದೆ. ಬೇರೆ ದಾರಿಗಳಿವೆ.

ತಿಂಗಳಿಗೆ ನಾಲ್ಕು ದಿನ ಅಥವಾ ಜಾಸ್ತಿ ಮೈಗ್ರೇನ್ ಬಂದರೆ, ಬಾರದಂತೆ ತಡೆಯುವ ಮಾತ್ರೆ ಬಗ್ಗೆ ಕೇಳಿ. ಪ್ರೊಪ್ರಾನೊಲಾಲ್, ಫ್ಲುನಾರಿಜಿನ್, ಅಮಿಟ್ರಿಪ್ಟಿಲಿನ್ ಇವೆಲ್ಲ ಆ ಬಗೆ. ಅಮಿಟ್ರಿಪ್ಟಿಲಿನ್ ಬರೆದಾಗ ಕೆಲವರು ಮೊಬೈಲಿನಲ್ಲಿ ಹುಡುಕಿ "ಇದು ಖಿನ್ನತೆಯ ಮಾತ್ರೆ, ನನಗೆ ಹುಚ್ಚು ಅಂದುಕೊಂಡಿದ್ದಾರಾ" ಅಂತ ವಾಪಸ್ ತರುತ್ತಾರೆ. ಹಾಗಲ್ಲ. 10, 25 ಮಿ.ಗ್ರಾಂ. ಸಣ್ಣ ಡೋಸಿನಲ್ಲಿ ಅದು ತಲೆನೋವು ತಡೆಯುವ ಮದ್ದೇ. ಆಸ್ತಮಾ ಇದ್ದರೆ ಪ್ರೊಪ್ರಾನೊಲಾಲ್ ಆಗದು, ಅದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಮಾತ್ರೆಗೆ ಮೊದಲು

ಸೆಕೆಯ ದಿನ ನೋವು ಬಂದರೆ ಮೊದಲು ನೀರು, ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೇ ಒಂದು ಬೊಂಡ (ಎಳನೀರು). ರಾತ್ರಿಯಿಡೀ ಯಕ್ಷಗಾನ ನೋಡಿ ಬಂದ ನೋವಿಗೆ ನಿದ್ದೆಯೇ ಮದ್ದು. ದಿನಾ ನಾಲ್ಕೈದು ಲೋಟ ಕಾಫಿ ಚಾ ಕುಡಿಯುವವರು ಉಪವಾಸದ ದಿನ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆ ಹಿಡಿಯುತ್ತದೆ. ಹಿಂದಿನ ವಾರದಿಂದಲೇ ಒಂದೊಂದು ಲೋಟ ಕಡಿಮೆ ಮಾಡಿ. ಅಮೃತಾಂಜನ, ಝಂಡು ಬಾಮ್ ಹಣೆಗೆ ಹಚ್ಚಿ ಕಣ್ಣು ಮುಚ್ಚಿ ಮಲಗಿದರೆ ಕುತ್ತಿಗೆ ಬಿಗಿತದ ನೋವಿಗೆ ಹಿತ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಮಾತ್ರ ಮೈಗೆಲ್ಲ ಬಾಮ್ ಉಜ್ಜಬೇಡಿ, ಅದರ ಮಿಥೈಲ್ ಸ್ಯಾಲಿಸಿಲೇಟ್ ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ.

"ಬಿಪಿ ಜಾಸ್ತಿಯಾಗಿಯೇ ತಲೆನೋವು" ಅನ್ನುವುದು ಹೆಚ್ಚಿನ ಸಲ ಸರಿಯಲ್ಲ. 180/120ರ ಹತ್ತಿರ ಏರದೆ ಬಿಪಿಯಿಂದ ತಲೆನೋವು ಬರುವುದು ಕಡಿಮೆ. ಆದರೂ ನೋಡಿಸಿ, ಯಾಕೆಂದರೆ ಬ್ರೂಫೆನ್ ಬಳಗದ ಮಾತ್ರೆ ಕೊಡಬಹುದೋ ಇಲ್ಲವೋ ಅನ್ನುವುದು ಅದರ ಮೇಲೂ ನಿಂತಿದೆ.

ಡಾಕ್ಟರ ಹತ್ತಿರ ಹೋಗುವಾಗ ಚುಕ್ಕೆ ಇಟ್ಟ ಕ್ಯಾಲೆಂಡರ್ ಹಾಳೆಯ ಫೋಟೋ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಸ್ಟ್ರಿಪ್ಪುಗಳು, ಹಳೆಯ ಕ್ರಿಯಾಟಿನಿನ್ ರಿಪೋರ್ಟ್ ಇದ್ದರೆ ಅದು, ಇಷ್ಟನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಆಯುರ್ವೇದದ ಕಷಾಯ, ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಆ ಚೀಲಕ್ಕೆ ಹಾಕಿ. ತಡೆಯುವ ಮಾತ್ರೆ ಬರೆದುಕೊಟ್ಟರೆ ಅದರ ಗುಣ ಗೊತ್ತಾಗಲು ಆರರಿಂದ ಎಂಟು ವಾರ ಬೇಕು. ಹದಿನೈದು ದಿನಕ್ಕೆ "ಏನೂ ಆಗಲಿಲ್ಲ" ಅಂತ ಬಿಡಬೇಡಿ, ಆ ಎಂಟು ವಾರವೂ ಕ್ಯಾಲೆಂಡರಿನಲ್ಲಿ ಚುಕ್ಕೆ ಇಡುತ್ತಾ ಇರಿ.